ಪರೀಕ್ಷೆಯ ಇಂಗ್ಲಿಷಿಗೆ ಕನ್ನಡದ ಆಸರೆ

ಮಾರ್ಚಿ ತಿಂಗಳು ಸಮೀಪಿಸಿದಂತೆಲ್ಲ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳನ್ನು ಗುರುತು ಹಿಡಿಯುವುದು ಕಷ್ಟವಲ್ಲ. ರಾತ್ರಿ ಹನ್ನೊಂದಾದರೂ ದೀಪ ಉರಿಯುತ್ತಿರುತ್ತದೆ. ರೇಡಿಯೋದ ದನಿ ತಗ್ಗಿರುತ್ತದೆ. ಬಂದ ನೆಂಟರೂ ಮೆಲ್ಲಗೆ ಮಾತನಾಡಿ ಎದ್ದು ಹೋಗುತ್ತಾರೆ. ಗಣಿತವೋ ಸಮಾಜ ವಿಜ್ಞಾನವೋ ಆದರೆ ತಂದೆತಾಯಿಗಳು ಒಂದಿಷ್ಟು ನೆರವಾಗಬಲ್ಲರು. ಇಂಗ್ಲಿಷಿನ ಮಾತು ಬಂದಾಗ ಮಾತ್ರ “ನಮಗೇ ಬಾರದು, ಮಗುವಿಗೆ ಏನು ಹೇಳಿಕೊಡೋಣ?” ಎಂದು ಕೈಚೆಲ್ಲಿ ಕೂಡುತ್ತಾರೆ. ನನ್ನ ಇಂದಿನ ಮಾತು ಮುಖ್ಯವಾಗಿ ಇಂಥ ಹಿರಿಯರಿಗೆ; ಅವರ ಪಕ್ಕದಲ್ಲಿ ಪುಸ್ತಕ ತೆರೆದು ಕುಳಿತಿರುವ ಮಕ್ಕಳಿಗೂ ಹೌದು.

ಕನ್ನಡ ಮಾಧ್ಯಮದಲ್ಲಿ ಓದುವ ಹೆಚ್ಚಿನ ಮಕ್ಕಳಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಎರಡನೆಯ ಭಾಷೆ. ಒಟ್ಟು ೧೦೦ ಅಂಕ. ಅದರಲ್ಲಿ ೮೦ ಬರವಣಿಗೆಯ ಪರೀಕ್ಷೆಗೆ, ಉಳಿದ ೨೦ ಶಾಲೆಯಲ್ಲಿ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ. ಲೆಕ್ಕದಲ್ಲಿ ಇದು ಒಂದು ವಿಷಯ ಮಾತ್ರ. ಆದರೆ ಇದೊಂದರಲ್ಲಿ ಎಡವಿದ ಹುಡುಗ ಉಳಿದೆಲ್ಲದರಲ್ಲಿ ಜಾಣನಾಗಿದ್ದರೂ ಅವನ ಮುಂದಿನ ದಾರಿ ಕಟ್ಟಿಹೋಗುತ್ತದೆ. ಹೆಣ್ಣುಮಗಳಾದರೆ ಹೇಳುವುದೇ ಬೇಡ. “ಸಾಕು ಬಿಡು, ಓದಿದ್ದು” ಎಂದು ಮನೆಯಲ್ಲಿ ಕೂರಿಸಿಬಿಡುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ಇದನ್ನು ಬರಿಯ ವ್ಯಾಕರಣದ ಮಾತೆಂದು ತಿಳಿಯಬೇಡಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ಮರೆಯಬೇಕು, ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತದೆ ಎಂದು ಹೇಳುವವರುಂಟು. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದು ಇಂಗ್ಲಿಷನ್ನು. ಕನ್ನಡಕ್ಕೆ ಅವರು ಕೊಟ್ಟ ‘ಇಂಗ್ಲಿಷ್ ಗೀತಗಳು’ ಪುಸ್ತಕದಿಂದ ನಮ್ಮ ಕಾವ್ಯದ ದಿಕ್ಕೇ ಬದಲಾಯಿತು. ಎರಡು ಭಾಷೆಗಳೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು. ಮಕ್ಕಳು ಮಾಡುವ ತಪ್ಪುಗಳು ಕನ್ನಡ ಬಂದುದರಿಂದ ಆಗುವಂಥವಲ್ಲ. ಕನ್ನಡ ಎಲ್ಲಿ ಇಂಗ್ಲಿಷಿಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಯಾರೂ ತೋರಿಸದಿರುವುದರಿಂದ ಆಗುವಂಥವು. ಇದನ್ನು ತೋರಿಸುವುದಕ್ಕೆ ಇಂಗ್ಲಿಷ್ ಪಂಡಿತರೇ ಆಗಬೇಕಿಲ್ಲ. ಚೆನ್ನಾಗಿ ಕನ್ನಡ ಬಲ್ಲವರಾದರೆ ಅರ್ಧ ಕೆಲಸ ಆದಂತೆಯೇ.

ಒಂದು ಉದಾಹರಣೆ ನೋಡಿ. ಉತ್ತರ ಪತ್ರಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ತಪ್ಪು: “ಹಿ ಡಿಡ್ ನಾಟ್ ವೆಂಟ್”. ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಹುಡುಗ ಮರುವಾರ ಮತ್ತೆ ಅದನ್ನೇ ಬರೆಯುತ್ತಾನೆ. ಈಗ ಅವನನ್ನು ಹೀಗೆ ಕೇಳಿ: “ಹೋದನು ಎಂಬುದಕ್ಕೆ ಇಲ್ಲ ಸೇರಿಸಿದರೆ ಏನಾಗುತ್ತದೆಯಪ್ಪ?” ಅವನು “ಹೋಗಲಿಲ್ಲ” ಎನ್ನುತ್ತಾನೆ. “ಹೋದಲಿಲ್ಲ ಎಂದು ಯಾಕೆ ಹೇಳಲಿಲ್ಲ?” ಎಂದರೆ ನಗುತ್ತಾನೆ. ಹಾಗೆ ಯಾರಾದರೂ ಹೇಳುತ್ತಾರೆಯೆ? ನಿಷೇಧ ಬಂದ ಕೂಡಲೇ ಕ್ರಿಯಾಪದ ತನ್ನ ಭೂತಕಾಲದ ಅಂಗಿಯನ್ನು ಕಳಚಿ, ಮೂಲದ ‘ಹೋಗು’ ಆಗುತ್ತದೆ; ಕಾಲವನ್ನು ಹೊರುವ ಕೆಲಸ ‘ಲಿಲ್ಲ’ಕ್ಕೆ ಬರುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ಕಾಲವನ್ನು ‘ಡಿಡ್’ ಹೊತ್ತಾಯಿತು. ‘ವೆಂಟ್’ ಮತ್ತೆ ‘ಗೋ’ ಆಯಿತು. “ಹಿ ಡಿಡ್ ನಾಟ್ ಗೋ”. “ಷಿ ಡಸ್ ನಾಟ್ ಗೋಸ್” ಎಂಬ ತಪ್ಪೂ ಇದೇ ಜಾತಿಯದು. ಕೊನೆಯ ಎಸ್ ಅಕ್ಷರವನ್ನು ‘ಡಸ್’ ಆಗಲೇ ತೆಗೆದುಕೊಂಡುಬಿಟ್ಟಿದೆ. ‘ಹೋದಲಿಲ್ಲ’ ಎಂಬ ಒಂದು ನಗುವಿನ ಮಾತು ನೆನಪಿದ್ದರೆ ಹತ್ತು ಸಲ ಬಾಯಿಪಾಠ ಮಾಡಿದ ಸೂತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈ ಎಸ್ ಅಕ್ಷರದ ವಿಚಾರ ಇನ್ನೂ ಸ್ವಲ್ಪ ಹೇಳಬೇಕು. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ—ಕನ್ನಡದ ಕ್ರಿಯಾಪದ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಾಲ ಕಟ್ಟುತ್ತದೆ. ನಾಲ್ಕು ವರ್ಷದ ಮಗು ಇದನ್ನು ತಪ್ಪಿಲ್ಲದೆ ಆಡುತ್ತದೆ. ಇಂಗ್ಲಿಷಿಗೆ ವರ್ತಮಾನದಲ್ಲಿ ಇರುವುದು ಒಂದೇ ಬಾಲ: ಅವನು, ಅವಳು, ಅದು ಎಂಬವಕ್ಕೆ ಎಸ್. ಅಷ್ಟೂ ಬಾಲಗಳನ್ನು ನಿಭಾಯಿಸುವ ಮಗು ಒಂದನ್ನು ಮರೆಯುವುದೆ? ಮರೆಯುತ್ತದೆ. ಒಂದೇ ಆದುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ.

ಕಾಲದ ಇನ್ನೊಂದು ತೊಡಕು. “ನಾನು ದಿನವೂ ಶಾಲೆಗೆ ಹೋಗುತ್ತೇನೆ”, “ನಾನು ನಾಳೆ ಶಾಲೆಗೆ ಹೋಗುತ್ತೇನೆ”—ಆಡುಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ಇಂಗ್ಲಿಷಿನಲ್ಲಿ ಮೊದಲನೆಯದು “ಐ ಗೋ”, ಎರಡನೆಯದು “ಐ ವಿಲ್ ಗೋ”. ಈಗ ದಾರಿಯಲ್ಲಿದ್ದೇನೆ ಎನ್ನುವಾಗ “ಐ ಯಾಮ್ ಗೋಯಿಂಗ್”. ನಮ್ಮ ಮಕ್ಕಳಿಗೆ ಈ ‘ಇಂಗ್’ ಎಂದರೆ ಬಹಳ ಪ್ರೀತಿ, ಎಲ್ಲಕ್ಕೂ ಅಂಟಿಸುತ್ತಾರೆ. “ಐ ಯಾಮ್ ನೋಯಿಂಗ್ ಹಿಮ್” ಎಂದು ಬರೆಯುತ್ತಾರೆ. ‘ನನಗೆ ಅವನು ಗೊತ್ತು’ ಎನ್ನುವಾಗ ಕನ್ನಡದಲ್ಲಿ ನಾವು ‘ಗೊತ್ತಾಗುತ್ತಾ ಇದ್ದಾನೆ’ ಎನ್ನುತ್ತೇವೆಯೆ? ಗೊತ್ತು, ಬೇಕು, ಇಷ್ಟ, ನಂಬಿಕೆ ಇವೆಲ್ಲ ನಡೆಯುತ್ತಿರುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಅವುಗಳಿಗೆ ‘ಇಂಗ್’ ಬೇಡ.

‘ಎ’ ಮತ್ತು ‘ಆನ್’ಗಳ ವಿಚಾರಕ್ಕೆ ಬಂದರೆ, ಇಲ್ಲಿ ಕನ್ನಡ ಲಿಪಿಯನ್ನು ಬಲ್ಲವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಏಕೆ ಯಾರೂ ಬಳಸಿಕೊಳ್ಳುವುದಿಲ್ಲವೋ ತಿಳಿಯದು. ಸ್ವರದ ಮುಂದೆ ‘ಆನ್’, ವ್ಯಂಜನದ ಮುಂದೆ ‘ಎ’ ಎಂಬ ನಿಯಮವನ್ನು ಎಲ್ಲ ಮಕ್ಕಳೂ ಬಲ್ಲರು. ಆದರೆ ಅವರು ನೋಡುವುದು ಇಂಗ್ಲಿಷ್ ಅಕ್ಷರವನ್ನು, ನೋಡಬೇಕಾದುದು ಸದ್ದನ್ನು. ಹಾಗಾಗಿ “ಆನ್ ಯೂನಿಫಾರಂ”, “ಎ ಅವರ್” ಎಂದೆಲ್ಲ ಬರೆಯುತ್ತಾರೆ. ಮಗುವಿಗೆ ಹೇಳಿ: ಆ ಪದವನ್ನು ಕನ್ನಡದಲ್ಲಿ ಬರೆ. ಗಂಟೆ ಎಂಬ ಅರ್ಥದ ‘ಅವರ್’ ಅಕಾರದಿಂದ ಆರಂಭವಾಯಿತು, ಅದು ಸ್ವರ, ಆದ್ದರಿಂದ ‘ಆನ್’. ಇಂಗ್ಲಿಷಿನಲ್ಲಿ ಅದರ ಮೊದಲು ಎಚ್ ಇದ್ದರೂ ಅದು ಮೂಕ. ‘ಯೂನಿಫಾರಂ’ ಯಕಾರದಿಂದ ಆರಂಭವಾಯಿತು, ಅದು ವ್ಯಂಜನ, ಆದ್ದರಿಂದ ‘ಎ’. ಯೂನಿವರ್ಸಿಟಿ, ಯೂನಿಯನ್, ಯುರೋಪಿಯನ್ ಎಲ್ಲವೂ ಹೀಗೆ. ನಮ್ಮ ವರ್ಣಮಾಲೆಯಲ್ಲಿ ಸ್ವರ ಒಂದು ಸಾಲು, ವ್ಯಂಜನ ಒಂದು ಸಾಲು. ಒಂದನೆಯ ತರಗತಿಯಲ್ಲಿ ತಿದ್ದಿದ ಆ ಸಾಲು ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ನೆರವಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ನಮ್ಮ ನಾಲಿಗೆಗೆ ಎಕಾರದ ಹಿಂದೆ ಯಕಾರವನ್ನು, ಒಕಾರದ ಹಿಂದೆ ವಕಾರವನ್ನು ಸೇರಿಸುವ ರೂಢಿ ಉಂಟು. ಎಮ್ಮೆಯನ್ನು ‘ಯೆಮ್ಮೆ’ ಎನ್ನುತ್ತೇವೆ, ಒಂದನ್ನು ‘ವೊಂದು’ ಎನ್ನುತ್ತೇವೆ. ಅದೇ ನಾಲಿಗೆ ‘ಎಗ್’ ಎಂಬುದನ್ನು ‘ಯೆಗ್’ ಮಾಡುತ್ತದೆ, ‘ಎಂ.ಎಲ್.ಎ.’ಯನ್ನು ‘ಯೆಮ್ಮೆಲ್ಲೆ’ ಮಾಡುತ್ತದೆ. ಆಮೇಲೆ ‘ಎ ಯೆಗ್’ ಸರಿಯೆಂದೇ ತೋರುತ್ತದೆ! ಇವಕ್ಕೆ ‘ಆನ್’ ಬರಬೇಕು: ಆನ್ ಎಗ್, ಆನ್ ಎಂ.ಎಲ್.ಎ. ಇನ್ನು, ನಾವು ‘ಒನ್’ ಎಂದು ಬರೆಯುವ ಸಂಖ್ಯೆಯ ನಿಜವಾದ ಉಚ್ಚಾರ ‘ವನ್’, ಅದಕ್ಕೆ ‘ಎ’. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಬರುವಾಗ ಐದು ನಿಮಿಷ ಈ ಎರಡು ಪುಟ್ಟ ಪದಗಳಿಗಾಗಿಯೇ ಕಿವಿಗೊಟ್ಟು ಕೂರಲು ಮಗುವಿಗೆ ಹೇಳಿ. ವಾರ್ತೆಯ ಅರ್ಥ ಪೂರ್ತಿ ಆಗದಿದ್ದರೂ ಚಿಂತೆಯಿಲ್ಲ.

ಕಲಿಯುವ ಮಕ್ಕಳಿಗೆ ಅತ್ಯಂತ ಭಯ ಹುಟ್ಟಿಸುವುದು ಬಹುಶಃ ‘ರಿಪೋರ್ಟೆಡ್ ಸ್ಪೀಚ್’, ಎಂದರೆ ಒಬ್ಬರು ಆಡಿದ ಮಾತನ್ನು ನಾವು ತಿರುಗಿ ಹೇಳುವ ರೀತಿ. ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ಎಂದು’ ಎಂಬ ಒಂದು ಚಿಕ್ಕ ಪದ ಎಲ್ಲ ಕೆಲಸವನ್ನೂ ಮುಗಿಸಿಬಿಡುತ್ತದೆ. “ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ.” ರವಿ ಆಡಿದ ಮಾತು ಹಾಗೆಯೇ ಉಳಿಯಿತು. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ನಾನು’ ಹೋಗಿ ‘ಅವನು’ ಆಗಬೇಕು, ‘ನಾಳೆ’ ಹೋಗಿ ‘ಮರುದಿನ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ಮಗು ಇದನ್ನು ಗಿಳಿಪಾಠದಂತೆ ಕಲಿತು, ಪರೀಕ್ಷೆಯ ಹೊತ್ತಿಗೆ ಅರ್ಧ ಮರೆತಿರುತ್ತದೆ.

ಆದರೆ ಕನ್ನಡದಲ್ಲಿ ಇನ್ನೊಂದು ರೀತಿಯೂ ಇದೆಯಲ್ಲವೆ? “ತಾನು ಮರುದಿನ ಬರುವುದಾಗಿ ರವಿ ಹೇಳಿದ.” ಇದು ಇಂಗ್ಲಿಷಿನ ಪರೋಕ್ಷ ಮಾತಿನ ತಮ್ಮನೇ ಸರಿ. ‘ನಾನು’ ‘ತಾನು’ ಆಯಿತು. ‘ನಾಳೆ’ ‘ಮರುದಿನ’ ಆಯಿತು. ಉದ್ಧರಣ ಚಿಹ್ನೆ ಬಿದ್ದುಹೋಯಿತು. ಇನ್ನು ಇದನ್ನು “ರವಿ ಸೆಡ್ ದಟ್ ಹಿ ವುಡ್ ಕಮ್ ದಿ ನೆಕ್ಸ್ಟ್ ಡೇ” ಎಂದು ಮಾಡುವುದಕ್ಕೆ ಒಂದೇ ಹೆಜ್ಜೆ ಬಾಕಿ. ‘ವುಡ್’ ಒಂದನ್ನು ನೆನಪಿಟ್ಟರಾಯಿತು. ಪ್ರಶ್ನೆಯೂ ಹೀಗೆಯೇ. “ನಿನ್ನ ಹೆಸರೇನು?” ಎಂದು ಅವರು ಕೇಳಿದರೆ, ನಾವು ಮನೆಗೆ ಬಂದು “ನನ್ನ ಹೆಸರೇನೆಂದು ಕೇಳಿದರು” ಎನ್ನುತ್ತೇವೆ. ‘ನಿನ್ನ’ ಎಂಬುದು ‘ನನ್ನ’ ಆದುದು ನಮಗೆ ಗೊತ್ತೇ ಆಗುವುದಿಲ್ಲ. ಈ ರೂಪಗಳ ಗಣಿ ಎಂದರೆ ಕನ್ನಡ ವಾರ್ತೆ. “ಕ್ರಮ ಕೈಗೊಳ್ಳುವುದಾಗಿ ಸಚಿವರು ತಿಳಿಸಿದರು”, “ಮಳೆಯಾಗುವ ಸಂಭವವಿರುವುದಾಗಿ ಇಲಾಖೆ ತಿಳಿಸಿದೆ”—ದಿನಕ್ಕೆ ಇಂಥವು ಹತ್ತಾರು. ಸಂಜೆಯ ವಾರ್ತೆಯಿಂದ ಎರಡು ವಾಕ್ಯ ಬರೆದುಕೊಂಡು, ಸಚಿವರು ಬಾಯಿಬಿಟ್ಟು ಆಡಿರಬಹುದಾದ ಮಾತು ಏನೆಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಇಂಗ್ಲಿಷ್ ಬಾರದ ಅಜ್ಜನೂ ಈ ಆಟದ ಮೊದಲರ್ಧಕ್ಕೆ ಜೊತೆಗಾರನಾಗಬಹುದು.

ಕರ್ಮಣಿ ಪ್ರಯೋಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕನ್ನಡದ ‘ಕೊಲ್ಲಲ್ಪಟ್ಟನು’ ಎಂಬುದು ನೆನಪಿದ್ದರೆ ಸಾಕು, ಉಳಿದದ್ದು ಅಭ್ಯಾಸ. ಆದರೆ ‘ಕ್ವೆಸ್ಚನ್ ಟ್ಯಾಗ್’ ಎಂಬ ಬಾಲಪ್ರಶ್ನೆಗೆ ಒಂದು ಮಾತು. ನಮಗೆ ‘ಅಲ್ಲವೇ’ ಒಂದೇ ಸಾಕು. ಆದ್ದರಿಂದ ಮಕ್ಕಳು ಎಲ್ಲಕ್ಕೂ “ಈಸಂಟ್ ಇಟ್” ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ವಾಕ್ಯದ ಕರ್ತೃ ಯಾರು, ಸಹಾಯಕ ಕ್ರಿಯಾಪದ ಯಾವುದು ಎಂದು ನೋಡಿ ಬಾಲ ಕಟ್ಟಬೇಕು. “ಯು ಆರ್ ಕಮಿಂಗ್, ಆರಂಟ್ ಯು?” “ಷಿ ಸಿಂಗ್ಸ್ ವೆಲ್, ಡಸಂಟ್ ಷಿ?” ವಾಕ್ಯ ಹೌದೆಂದರೆ ಬಾಲ ಅಲ್ಲವೆನ್ನಬೇಕು, ವಾಕ್ಯ ಅಲ್ಲವೆಂದರೆ ಬಾಲ ಹೌದೆನ್ನಬೇಕು.

ಇನ್ನು ಪದಸಂಪತ್ತು. ಮಕ್ಕಳು ದಪ್ಪ ದಪ್ಪ ಪದಗಳ ಪಟ್ಟಿ ಮಾಡಿ ಉರು ಹೊಡೆಯುವುದನ್ನು ನೀವು ನೋಡಿರಬಹುದು. ಇದರಿಂದ ಆಗುವ ಪ್ರಯೋಜನ ಕಡಿಮೆ. ಬಂಗಾಳದಲ್ಲಿ ಬಹುಕಾಲ ಇಂಗ್ಲಿಷ್ ಶಿಕ್ಷಣದ ಕೆಲಸ ಮಾಡಿದ ಮೈಕೆಲ್ ವೆಸ್ಟ್ ಎಂಬವರು ೧೯೫೩ರಲ್ಲಿ, ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬಳಕೆಯಾಗುವ ಸುಮಾರು ೨೦೦೦ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಬರವಣಿಗೆಯ ಬಹುಪಾಲು ಈ ಪದಗಳಿಂದಲೇ ಆಗುತ್ತದೆ. ಎಂಟನೆಯ ತರಗತಿಯಿಂದ ದಿನಕ್ಕೆ ಮೂರು ಪದ ಕಲಿತರೂ, ವರ್ಷಕ್ಕೆ ೩೦೦ ದಿನದಂತೆ, ಮೂರು ವರ್ಷಕ್ಕೆ ೨೭೦೦ ಆಯಿತು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿದ್ದರೂ ದಿನಕ್ಕೆ ಐದರಂತೆ ೩೦೦ ಪದ ಸೇರುತ್ತವೆ. ದೊಡ್ಡ ಪದಗಳು ಬೇಡ. ತಿಳಿದಂತೆ ತೋರುವ ಚಿಕ್ಕ ಪದಗಳನ್ನು ಸರಿಯಾದ ಜೋಡಿಯಲ್ಲಿ ಕಲಿಯುವುದು ಮುಖ್ಯ.

ಜೋಡಿ ಎಂದೆ. ಪ್ರಶ್ನೆಪತ್ರಿಕೆಯಲ್ಲಿ ‘ಕಾಲೊಕೇಷನ್’ ಎಂಬ ಹೆಸರಿನಲ್ಲಿ ಬರುವುದು ಇದೇ. ಕನ್ನಡದಲ್ಲಿ ನಾವು ಸ್ನಾನ ಮಾಡುತ್ತೇವೆ, ಊಟ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ, ತಪ್ಪು ಮಾಡುತ್ತೇವೆ, ಫೋನ್ ಕೂಡ ಮಾಡುತ್ತೇವೆ. ‘ಮಾಡು’ ಎಂಬುದು ನಮ್ಮ ಮನೆಯ ಎಲ್ಲ ಕೆಲಸಕ್ಕೂ ಒದಗುವ ಆಳು. ಇಂಗ್ಲಿಷಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಆಳು ಬೇಕು: ಸ್ನಾನಕ್ಕೆ ‘ಟೇಕ್’, ತಪ್ಪಿಗೆ ‘ಮೇಕ್’, ಮನೆಗೆಲಸದ ಪಾಠಕ್ಕೆ ‘ಡು’, ಊಟಕ್ಕೆ ‘ಹ್ಯಾವ್’, ನಿದ್ದೆಗೆ ಆಳೇ ಬೇಡ, ‘ಸ್ಲೀಪ್’ ಸಾಕು. ಬಾಗಿಲು ‘ಹಾಕುವುದು’ ಎಂದರೆ ‘ಪುಟ್’ ಅಲ್ಲ, ‘ಷಟ್’. ಸುಳ್ಳು ‘ಹೇಳುವುದು’ ‘ಸೇ’ ಅಲ್ಲ, ‘ಟೆಲ್’. ಮಳೆ ಜೋರಾದರೆ ‘ಹೆವಿ’, ಚಹಾ ಕಡಕ್ಕಾದರೆ ‘ಸ್ಟ್ರಾಂಗ್’. ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ ಅದರ ಸಂಗಾತಿಯೊಡನೆ ಬರೆದುಕೊಳ್ಳುವ ರೂಢಿ ಮಾಡಿಸಿ. ಮೊಬೈಲಿನಲ್ಲಿ ನಿಘಂಟು ಇದೆ, ಒಳ್ಳೆಯದು. ಆದರೆ ಅಲ್ಲಿ ನೋಡಿದ ಪದವನ್ನು ಕೈಯಿಂದ ಒಂದು ಪುಸ್ತಕದಲ್ಲಿ ಬರೆಯದಿದ್ದರೆ ಅದು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಕಾಗುಣಿತದ ಬಗ್ಗೆ ಮಕ್ಕಳನ್ನು ಗದರಿಸುವ ಮುನ್ನ ಒಂದು ಸಂಗತಿ ತಿಳಿದಿರಲಿ. ನಮ್ಮಲ್ಲಿ ಹೆಚ್ಚುಕಡಿಮೆ ನುಡಿದಂತೆ ಬರಹ. ಇಂಗ್ಲಿಷಿನಲ್ಲಿ ಹಾಗಲ್ಲ. ಚಾಕು ಎಂಬ ಅರ್ಥದ ‘ನೈಫ್’ ಪದದ ಆರಂಭದಲ್ಲಿ ಕೆ ಅಕ್ಷರ ಸುಮ್ಮನೆ ಕೂತಿದೆ. ‘ನೈಟ್’ ಪದದ ನಡುವೆ ಜಿ ಮತ್ತು ಎಚ್ ಕೂತಿವೆ. ಹಿಂದೆ ಇಂಗ್ಲಿಷರು ಇವನ್ನೆಲ್ಲ ಉಚ್ಚರಿಸುತ್ತಿದ್ದರು. ೧೪೭೬ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣವನ್ನು ತಂದ ಮೇಲೆ ಬರಹ ಕ್ರಮೇಣ ಗಟ್ಟಿಯಾಯಿತು. ನಾಲಿಗೆ ಮಾತ್ರ ಮುಂದೆ ಹೋಯಿತು. ಆದ್ದರಿಂದ ತಪ್ಪು ಮಗುವಿನ ಬುದ್ಧಿಯದಲ್ಲ. ಲೈಟ್, ನೈಟ್, ರೈಟ್, ಸೈಟ್ ಎಂದು ಒಂದೇ ಮನೆತನದ ಪದಗಳನ್ನು ಒಟ್ಟಿಗೆ ಬರೆಯಿಸಿ. ನೋಡುವುದು, ಮುಚ್ಚುವುದು, ಬರೆಯುವುದು, ತೆರೆದು ಹೋಲಿಸುವುದು. ದಿನಕ್ಕೆ ಹತ್ತು ನಿಮಿಷ.

ಈಗ ಬರವಣಿಗೆ. ಗೈಡುಗಳಲ್ಲಿ ಅಚ್ಚಾದ ಪ್ರಬಂಧಗಳನ್ನು ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ಒಂದು ದೊಡ್ಡ ಪಿಡುಗು. ಕಂಠಪಾಠ ಮಾಡಿದ ವಿಷಯ ಬಂದರೆ ಸರಿ. ಬಾರದಿದ್ದರೆ ಮಗು ಖಾಲಿ ಹಾಳೆಯ ಮುಂದೆ ಕುಳಿತು ಬೆವರುತ್ತದೆ. ಅದರ ಬದಲು ದಿನಕ್ಕೆ ಐದೇ ಐದು ವಾಕ್ಯ ತನ್ನದೇ ಆಗಿ ಬರೆಯಲಿ. ನಲ್ಲಿಯಲ್ಲಿ ನೀರು ಬಾರದಿದ್ದುದು, ಬಸ್ಸು ತಡವಾದುದು, ಸಂತೆಯಲ್ಲಿ ಟೊಮೇಟೊ ಬೆಲೆ ಏರಿದುದು ಏನಾದರೂ ಆಗಲಿ. ಚಿಕ್ಕ ವಾಕ್ಯಗಳು, ಒಂದು ವಾಕ್ಯಕ್ಕೆ ಒಂದೇ ಸಂಗತಿ. ಇಂಗ್ಲಿಷ್ ಬಾರದ ತಾಯಿಯೂ ಅದನ್ನು ನೋಡಿ ಕೆಲವನ್ನು ಕೇಳಬಹುದು: ಪ್ರತಿ ವಾಕ್ಯ ದೊಡ್ಡ ಅಕ್ಷರದಿಂದ ಆರಂಭವಾಗಿದೆಯೆ? ಕೊನೆಗೆ ಚುಕ್ಕೆ ಇದೆಯೆ? ಯಾರು, ಏನು ಮಾಡಿದರು ಎಂಬ ಎರಡೂ ಇವೆಯೆ? “ಇದರ ಅರ್ಥ ನನಗೆ ಕನ್ನಡದಲ್ಲಿ ಹೇಳಮ್ಮ” ಎಂದರೆ, ಅರ್ಥವಿಲ್ಲದೆ ಬರೆದದ್ದು ಅಲ್ಲೇ ಹೊರಬೀಳುತ್ತದೆ.

ವಾಕ್ಯ ಕಟ್ಟುವುದೇ ಬಾರದ ಮಗುವಿಗೆ ಹಳೆಯ ಉಪಾಧ್ಯಾಯರ ಒಂದು ಉಪಾಯವಿದೆ, ಬದಲಿ ಕೋಷ್ಟಕ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ೧೯೬೩ರಲ್ಲಿ ಆರಂಭವಾದ ಕಾಲಕ್ಕೆ, ವಾಕ್ಯದ ಮಾದರಿಗಳನ್ನು ಹೀಗೆ ರೂಢಿಮಾಡಿಸುವ ವಿಧಾನಕ್ಕೆ ದೇಶದಲ್ಲೆಲ್ಲ ಮನ್ನಣೆಯಿತ್ತು. ಒಂದು ಕಂಬದಲ್ಲಿ ನಾಲ್ಕು ಕರ್ತೃ, ಇನ್ನೊಂದರಲ್ಲಿ ಮೂರು ಕ್ರಿಯಾಪದ, ಮತ್ತೊಂದರಲ್ಲಿ ಐದು ಸ್ಥಳ. ಎಡದಿಂದ ಬಲಕ್ಕೆ ಒಂದೊಂದನ್ನು ಆರಿಸಿ ಓದಿದರೆ ೬೦ ಸರಿಯಾದ ವಾಕ್ಯಗಳು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವಿರುವುದರಿಂದ “ನಾಯಿಯನ್ನು ಹುಡುಗ ಹೊಡೆದ” ಎಂದರೂ “ಹುಡುಗ ನಾಯಿಯನ್ನು ಹೊಡೆದ” ಎಂದರೂ ಒಂದೇ. ಇಂಗ್ಲಿಷಿನಲ್ಲಿ ಪದದ ಸ್ಥಾನವೇ ವಿಭಕ್ತಿ. ಸ್ಥಾನ ಬದಲಾದರೆ ನಾಯಿಯೇ ಹುಡುಗನನ್ನು ಹೊಡೆದೀತು! ಕೋಷ್ಟಕ ಈ ಸ್ಥಾನವನ್ನು ಕೈಗೆ ಹತ್ತಿಸುತ್ತದೆ.

ಪತ್ರಲೇಖನ ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಇಲ್ಲಿ ಅಂಕ ಗಳಿಸುವುದು ಸುಲಭ, ಕಳೆದುಕೊಳ್ಳುವುದೂ ಸುಲಭ. ವಿಳಾಸ, ದಿನಾಂಕ, ಯಾರಿಗೆ, ವಿಷಯ, ಒಕ್ಕಣೆ, ಸಹಿ ಈ ಕ್ರಮ ತಪ್ಪಬಾರದು. ಕೊನೆಯ ‘ಯುವರ್ಸ್’ ಪದದಲ್ಲಿ ಎಸ್ ಅಕ್ಷರದ ಹಿಂದೆ ಮೇಲುಗೆರೆ ಹಾಕಬಾರದು, ‘ಟ್ರೂಲಿ’ಯಲ್ಲಿ ಇ ಅಕ್ಷರವಿಲ್ಲ—ಟಿ, ಆರ್, ಯು, ಎಲ್, ವೈ, ‘ಫೇತ್‌ಫುಲ್ಲಿ’ಯಲ್ಲಿ ಎಲ್ ಎರಡು. ಬರೆದು ಹರಿದು ಹಾಕುವ ಪತ್ರಕ್ಕಿಂತ ನಿಜವಾಗಿ ಕಳಿಸುವ ಪತ್ರ ಒಳ್ಳೆಯದು. ನಿಮ್ಮ ಬೀದಿಯ ದೀಪ ಕೆಟ್ಟಿದ್ದರೆ ಪುರಸಭೆಯ ಮುಖ್ಯಾಧಿಕಾರಿಗಳಿಗೆ ಮಗು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲಿ. ಪುಣೆಯಲ್ಲೋ ಮುಂಬಯಿಯಲ್ಲೋ ಇರುವ ಸೋದರಮಾವನಿಗೆ ಒಂದು ಕಾಗದ ಬರೆಯಲಿ. ಅಂಚೆಗೆ ಹಾಕುವ ಪತ್ರವೆಂದರೆ ಮಗು ಎರಡು ಸಲ ಓದಿ ನೋಡುತ್ತದೆ.

ಕಡೆಗೆ ಪರೀಕ್ಷೆಯ ದಿನ. ಬರೆದು ಮುಗಿಸಿದ ಮೇಲೆ ಕೊನೆಯ ಹತ್ತು ನಿಮಿಷವನ್ನು ಮೀಸಲಾಗಿಡಬೇಕೆಂದು ಈಗಿನಿಂದಲೇ ಅಭ್ಯಾಸ ಮಾಡಿಸಿ. ಮನೆಯಲ್ಲಿ ಗಡಿಯಾರ ಹಿಡಿದು ಕೂರಲು ಇಂಗ್ಲಿಷ್ ಬೇಕಿಲ್ಲ. ಆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ತಿರುಗಿ ಓದಲು ಹೋದರೆ ಯಾವ ತಪ್ಪೂ ಕಾಣುವುದಿಲ್ಲ. ಒಂದು ಸಲ ಬರಿಯ ‘ಹಿ’, ‘ಷಿ’, ‘ಇಟ್’ಗಳನ್ನು ಹುಡುಕುತ್ತ ಹೋಗಿ, ಮುಂದಿನ ಕ್ರಿಯಾಪದಕ್ಕೆ ಎಸ್ ಬೇಕೋ ಎಂದು ನೋಡಲಿ. ಇನ್ನೊಂದು ಸಲ ‘ಡಿಡ್’ ಇರುವೆಡೆ ಮಾತ್ರ ನಿಲ್ಲಲಿ. ಮೂರನೆಯ ಸಲ ‘ಎ’, ‘ಆನ್’ಗಳನ್ನು ಮನಸ್ಸಿನಲ್ಲೇ ಕನ್ನಡ ಅಕ್ಷರದಲ್ಲಿ ಓದಿಕೊಳ್ಳಲಿ. ಪ್ರಶ್ನೆಯ ಸಂಖ್ಯೆ ಸರಿಯಾಗಿ ಹಾಕಿದೆಯೋ, ಪತ್ರದ ವಿಳಾಸ ಬಿಟ್ಟುಹೋಗಿಲ್ಲವೋ ಎಂದು ನೋಡಿ ಉತ್ತರ ಪತ್ರಿಕೆಯನ್ನು ಒಪ್ಪಿಸಲಿ. ಮನೆಗೆ ಬಂದ ಕೂಡಲೇ “ಎಷ್ಟು ಬರುತ್ತೆ?” ಎಂದು ಕೇಳಬೇಡಿ, ಮರುದಿನದ ವಿಷಯ ಓದಲಿಕ್ಕೆ ಬಿಡಿ.